ನೀನು ಯಾವ ಕಡೆ? ಒಂದು ಊರು, ಮೂರು ಆಟ



ಎಂಟೆಕ್ ಓದೋವಾಗ ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದರೆ ಸಾಕು, ಕಾರಿಡಾರ್ ತುಂಬ ಒಂದೇ ಕೂಗು: "ಲೇ, ನೀ ಯಾವ ಕಡೆ?" ಲ್ಯಾನ್ ಕೇಬಲ್ಲುಗಳು ಒಂದು ರೂಮಿನ ಕಿಟಕಿಯಿಂದ ಇನ್ನೊಂದಕ್ಕೆ ಬಟ್ಟೆ ಒಣಗಿಸೋ ಹಗ್ಗದ ಹಾಗೆ ತೂಗಾಡ್ತಿದ್ದವು. ಕೌಂಟರ್ ಸ್ಟ್ರೈಕ್ ಆದ್ರೆ ಅರ್ಧ ಆಟ ಟೆರರಿಸ್ಟು, ಉಳಿದರ್ಧ ಅವರನ್ನು ಹಿಡಿಯೋ ಪೊಲೀಸು. ಏಜ್ ಆಫ್ ಎಂಪೈರ್ಸ್ ಎರಡನೇ ಭಾಗ ಆದ್ರೆ ನಾನು ಯಾವಾಗಲೂ ಬ್ರಿಟನ್ಸ್. ಅವರ ಬಿಲ್ಲುಗಾರರ ಬಾಣ ಬೇರೆಯವರದಕ್ಕಿಂತ ದೂರ ಹೋಗುತ್ತೆ, ಕಾರಣ ಅಷ್ಟೇ. ಕಡೆ ಅಂದ್ರೆ ನಮಗೆ ಅಂಗಿಯ ಬಣ್ಣ, ಇಲ್ಲಾಂದ್ರೆ ಒಂದು ಬೋನಸ್ಸು.

ಅದೇ ಪ್ರಶ್ನೆ ಮತ್ತೆ ನನಗೆ ಎದುರಾಗಿದ್ದು 2022ರ ಡಿಸೆಂಬರಿನಲ್ಲಿ, ಪುಣೆಯ ಆಫೀಸಿನ ಪ್ಯಾಂಟ್ರಿಯಲ್ಲಿ. ಬೆಳಗಾವಿ ಗಡಿ ವಿಷಯ ಬಿಸಿಯಾಗಿ, ಬಸ್ಸುಗಳಿಗೆ ಕಲ್ಲು, ಮಸಿ ಬಿದ್ದ ವಾರ ಅದು. ನಾನು ಬೆಳಗಾವಿ ಕಡೆಯವನು. ಅಪ್ಪನ ಮನೆಮಾತು ಕನ್ನಡ, ಅಮ್ಮನ ತವರಿನಲ್ಲಿ ಮರಾಠಿ. ಸಹೋದ್ಯೋಗಿ ಒಬ್ಬ, ಒಳ್ಳೇ ಗೆಳೆಯನೇ, ಚಹಾ ಕಪ್ಪು ಹಿಡ್ಕೊಂಡು ನಗ್ತಾ ಕೇಳಿದ: "ಕಾಯ್ ರೇ, ತೂ ಕುಠಲ್ಯಾ ಬಾಜೂಚಾ?" ನೀನು ಯಾವ ಕಡೆಯವನು? ಸುತ್ತ ನಾಲ್ಕು ಜನ ತಿರುಗಿ ನೋಡಿದ್ರು. ನಾನೂ ನಕ್ಕು "ಚಹಾದ ಕಡೆ" ಅಂತ ಹೇಳಿ ಜಾರಿಕೊಂಡೆ.

ಡೆಸ್ಕಿಗೆ ಬಂದು ಕೂತ ಮೇಲೆ ಅನ್ನಿಸಿತು: ಉತ್ತರ ಹೇಳೋದಕ್ಕಿಂತ ಮುಂಚೆ ಈ ಪ್ರಶ್ನೆಯನ್ನೇ ಸ್ವಲ್ಪ ನೋಡಬೇಕಲ್ವಾ? ಈ ಪ್ರಶ್ನೆಯನ್ನು ಪ್ರತಿದಿನ ಕೇಳೋದು ಯುದ್ಧದ ವಿಡಿಯೊ ಗೇಮುಗಳು. ಅವು ಅದನ್ನು ಕೇಳೋ ರೀತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಆ ಬದಲಾವಣೆಯನ್ನು ತೋರಿಸೋಕೆ ಇವತ್ತು ಮೂರು ಆಟ ತಗೊಂಡಿದ್ದೀನಿ. ಒಂದು ಅಮೆರಿಕದ್ದು, ಒಂದು ಜಪಾನಿನದ್ದು, ಒಂದು ಪೋಲೆಂಡಿನದ್ದು. ವಿಚಿತ್ರ ಅಂದ್ರೆ ಮೂರೂ ಬಂದು ಮುಟ್ಟೋದು 1990ರ ದಶಕದ ಒಂದೇ ಯುದ್ಧವನ್ನು, ಬೋಸ್ನಿಯಾದ ಯುದ್ಧವನ್ನು.

ಮೊದಲು ಬಣ್ಣ ಬಂತು

ಇವತ್ತಿನ ಯುದ್ಧದ ಆಟಗಳ ಮೂಲ ಹುಡುಕಿದ್ರೆ 1824ರ ಪ್ರಷ್ಯಾ ಸಿಗುತ್ತೆ. ಅಲ್ಲಿನ ಫಿರಂಗಿ ದಳದ ಅಧಿಕಾರಿ ರೈಸ್‌ವಿಟ್ಸ್, ತನ್ನ ಅಪ್ಪ ಶುರು ಮಾಡಿದ್ದ ಆಟವೊಂದನ್ನು ತಿದ್ದಿ ಕ್ರೀಗ್ಸ್‌ಷ್ಪೀಲ್ ಅನ್ನೋ ಹೆಸರಲ್ಲಿ ನಿಯಮಗಳನ್ನು ಪ್ರಕಟಿಸಿದ. ಹೆಸರಿನ ಅರ್ಥವೇ ಯುದ್ಧದಾಟ. ನಿಜವಾದ ನಕ್ಷೆ, ದಾಳ, ನಡುವೆ ಒಬ್ಬ ತೀರ್ಪುಗಾರ, ಮತ್ತು ಸೈನ್ಯದ ತುಕಡಿಗಳಿಗೆ ಎರಡು ಬಣ್ಣದ ತುಂಡುಗಳು: ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ.

ಕೆಂಪು ಯಾಕೆ ಹೋರಾಡ್ತಿದೆ ಅನ್ನೋದು ಆ ಆಟಕ್ಕೆ ಬೇಕಿರಲಿಲ್ಲ. ಎದುರಾಳಿಯ ತಲೆ ಹೇಗೆ ಓಡುತ್ತೆ ಅಂತ ಅಧಿಕಾರಿಗಳು ಕಲೀಬೇಕಿತ್ತು, ಹಾಗಾಗಿ ಇವತ್ತು ಕೆಂಪು ಆಡಿದವನು ನಾಳೆ ನೀಲಿ ಆಡಬಹುದಿತ್ತು. ಹಾಸ್ಟೆಲಿನ ಕೌಂಟರ್ ಸ್ಟ್ರೈಕಿನಲ್ಲಿ ನಾವು ಮಾಡ್ತಿದ್ದದ್ದೂ ಇದೇ. ಹಾಗಂತ ಇದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಊರ ಗುಡಿಯ ಕಲ್ಲುಹಾಸಿನ ಮೇಲೆ ಆಡು ಹುಲಿ ಆಟ ಆಡಿದವರಿಗೆ ಗೊತ್ತು, ಒಂದು ಸಲ ಹುಲಿ ಆದವರು ಮುಂದಿನ ಸಲ ಆಡು ಆಗಲೇಬೇಕು. ತೊಂದರೆ ಶುರುವಾಗೋದು ಬಣ್ಣದ ಜಾಗಕ್ಕೆ ನಿಜವಾದ ಊರು ಬಂದಾಗ.

ಊರೊಂದು ಗುರಿಯಾದಾಗ

1995ರಲ್ಲಿ ಅಮೆರಿಕದ ವೆಸ್ಟ್‌ವುಡ್ ಕಂಪನಿ ಕಮಾಂಡ್ ಆಂಡ್ ಕಾಂಕರ್ ಬಿಡುಗಡೆ ಮಾಡಿತು. ನಮ್ಮ ವಯಸ್ಸಿನ ಎಷ್ಟೋ ಜನ ಅದನ್ನೋ ಅದರ ಮುಂದಿನ ಭಾಗಗಳನ್ನೋ ಸೈಬರ್ ಕೆಫೆಯಲ್ಲಿ ಆಡಿರ್ತೀರಿ. ಆಟ ಶುರುವಾದ ಕೂಡಲೇ ಎರಡು ಚಿಹ್ನೆ ಕಾಣುತ್ತವೆ. ಒಂದು ಜಿಡಿಐ, ಅಂದ್ರೆ ವಿಶ್ವಸಂಸ್ಥೆಯ ಬೆಂಬಲ ಇರೋ ಜಾಗತಿಕ ಸೈನ್ಯ. ಇನ್ನೊಂದು ಬ್ರದರ್‌ಹುಡ್ ಆಫ್ ನಾಡ್, ಕೇನ್ ಅನ್ನೋ ಬೋಳುತಲೆಯ ನಾಯಕನ ರಹಸ್ಯ ಪಂಥ. ಒಂದನ್ನು ಆರಿಸ್ಕೋಬೇಕು. ಆರಿಸಿದ ಮೇಲೆ ನಿಮ್ಮ ಕಡೆಯ ಬಗ್ಗೆ ಆಟ ಮತ್ತೆಂದೂ ಕೇಳೋದಿಲ್ಲ. ಅಧಿಕಾರಿ ವಿಡಿಯೊದಲ್ಲಿ ಬಂದು ಆದೇಶ ಕೊಡ್ತಾನೆ, ನೀವು ಪಾಲಿಸ್ತೀರಿ.

ನಾಡ್ ಕಡೆಯಿಂದ ಕೊನೆಯ ಹಂತ ಗೆದ್ದರೆ ಒಂದು ಆಯ್ಕೆ ಸಿಗುತ್ತೆ: ಜಗತ್ತಿನ ನಾಲ್ಕು ಪ್ರಸಿದ್ಧ ಕಟ್ಟಡಗಳಲ್ಲಿ ಯಾವುದನ್ನು ಉಡಾಯಿಸ್ತೀರಿ? ವೈಟ್ ಹೌಸ್ ಆಗಬಹುದು, ಐಫೆಲ್ ಗೋಪುರ ಆಗಬಹುದು. ಆರಿಸಿದ್ದರ ವಿಡಿಯೊ ನೋಡ್ತೀರಿ, ಆಟ ಮುಗೀತು. ಹೋಟೆಲಿನಲ್ಲಿ ಊಟ ಆದ ಮೇಲೆ ಐಸ್ ಕ್ರೀಮ್ ಯಾವ ಫ್ಲೇವರ್ ಅಂತ ಕೇಳ್ತಾರಲ್ಲ, ಆ ಥರದ ಆಯ್ಕೆ ಇದು.

ಜಿಡಿಐ ಕಡೆಯಿಂದ ಆಡಿದರೆ ಕೊನೆಯ ಯುದ್ಧ ನಾಡ್ ಪಂಥದ ಮುಖ್ಯ ದೇವಾಲಯದ ಮೇಲೆ. ಆ ದೇವಾಲಯ ಇರೋದು ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ. ಅದರ ಮೇಲೆ ಉಪಗ್ರಹದಿಂದ ಕಿರಣ ಬಿಟ್ಟು ಸುಡಬಹುದು.

ಇದನ್ನು ಬರೆದವರಿಗೆ ಆ ಹೆಸರು ಸಿಕ್ಕಿದ್ದು ಟಿವಿ ವಾರ್ತೆಯಿಂದಲೇ ಇರಬೇಕು, ಯಾಕಂದ್ರೆ ಆಗ ನಿಜವಾದ ಸರಾಯೆವೊ ಮುತ್ತಿಗೆಯಲ್ಲಿತ್ತು. 1992ರ ಏಪ್ರಿಲಿನಲ್ಲಿ ಶುರುವಾದ ಆ ಮುತ್ತಿಗೆ ಮುಗಿದದ್ದು 1996ರ ಫೆಬ್ರವರಿ 29ರಂದು. ಒಟ್ಟು 1425 ದಿನ. ಸುತ್ತಲಿನ ಬೆಟ್ಟಗಳ ಮೇಲೆ ಬೋಸ್ನಿಯಾ ಸರ್ಬ್ ಸೈನ್ಯದ ಫಿರಂಗಿಗಳು, ಕೆಳಗೆ ಕಣಿವೆಯಲ್ಲಿ ಊರು. ಆ ಆಟ ಅಂಗಡಿಗೆ ಬಂದ ವರ್ಷವೇ, ಆಗಸ್ಟ್ 28ರಂದು, ಊರಿನ ಮಾರ್ಕಲೆ ಮಾರುಕಟ್ಟೆ ಹತ್ತಿರ ಶೆಲ್ ಬಿದ್ದು 43 ಜನ ಸತ್ತರು. ಅತ್ತ ಮಾರುಕಟ್ಟೆಗೆ ಹೋದವರು ಸಾಯ್ತಿದ್ದಾಗ ಇತ್ತ ಅದೇ ಊರಿನ ಹೆಸರು ಒಂದು ಗುರಿಯ ಹೆಸರಾಗಿತ್ತು. ದುರುದ್ದೇಶ ಇತ್ತು ಅಂತಲ್ಲ. ಮೆನುವಿನಲ್ಲಿ ಎರಡೇ ಚಿಹ್ನೆ ಇರೋ ಆಟದಲ್ಲಿ ಊರಿನ ಜನಕ್ಕೆ ಜಾಗ ಇರೋದಿಲ್ಲ, ಅಷ್ಟೇ.

ಪಟ್ಟಿಯಿಂದ ಬಿದ್ದುಹೋದವರು

ಮುಂದಿನ ಆಟಕ್ಕೆ ಹೋಗೋ ಮುಂಚೆ ಆ ಯುದ್ಧದ ಬಗ್ಗೆ ಒಂದು ಅಂಕಿ ಹೇಳಬೇಕು. 1991ರಲ್ಲಿ, ಯುಗೊಸ್ಲಾವಿಯಾ ಒಡೆಯೋ ಹೊತ್ತಿಗೆ, ಕೊನೆಯ ಜನಗಣತಿ ಆಯಿತು. ಆಗ ಬೋಸ್ನಿಯಾದಲ್ಲಿ ಸುಮಾರು 44 ಲಕ್ಷ ಜನ. ಶೇ. 43ಕ್ಕಿಂತ ಸ್ವಲ್ಪ ಹೆಚ್ಚು ಜನ ಮುಸ್ಲಿಮರು ಅಂತ ಬರೆಸಿದರು, ಇವತ್ತು ಅವರನ್ನು ಬೋಸ್ನಿಯಾಕರು ಅಂತಾರೆ. ಸುಮಾರು ಶೇ. 31 ಸರ್ಬರು, ಶೇ. 17 ಕ್ರೊಯಾಟರು. ಇವರಲ್ಲದೆ ಶೇ. 5.5 ಜನ, ಅಂದ್ರೆ ಸುಮಾರು 2.4 ಲಕ್ಷ ಮಂದಿ, ತಾವು ಬರೀ ಯುಗೊಸ್ಲಾವರು ಅಂತ ಬರೆಸಿದರು. ಅಪ್ಪ ಒಂದು ಕಡೆ ಅಮ್ಮ ಇನ್ನೊಂದು ಕಡೆ ಇದ್ದವರು, ಮಿಶ್ರ ಮದುವೆ ಆದವರು, ಈ ಲೆಕ್ಕವೇ ಬೇಡ ಅಂದವರು ಎಲ್ಲ ಅದರಲ್ಲಿದ್ದರು.

ಮುಂದಿನ ವರ್ಷ ಯುದ್ಧ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡ್ರಾಪ್‌ಡೌನ್ ಲಿಸ್ಟಿನಿಂದ ಒಂದು ಆಯ್ಕೆಯನ್ನು ಯಾರೋ ಡಿಲೀಟ್ ಮಾಡಿದರು. ಅದನ್ನು ಆರಿಸಿದ್ದ 2.4 ಲಕ್ಷ ಜನ ಮಾತ್ರ ಅಲ್ಲೇ ಇದ್ದರು. ಚೆಕ್‌ಪೋಸ್ಟಿನಲ್ಲಿ ಹೆಸರು ನೋಡಿ ಕಡೆ ನಿಗದಿ ಮಾಡೋರ ಮುಂದೆ ಅವರೂ ನಿಲ್ಲಬೇಕಾಯಿತು.

1995ರ ಡೇಟನ್ ಒಪ್ಪಂದ ಯುದ್ಧ ನಿಲ್ಲಿಸಿತು, ಆದರೆ ಅದೇ ಪಟ್ಟಿಯನ್ನು ಸಂವಿಧಾನಕ್ಕೂ ಹಾಕಿತು. ದೇಶದ ಅಧ್ಯಕ್ಷ ಮಂಡಳಿಯಲ್ಲಿ ಮೂರು ಜನ: ಒಬ್ಬ ಬೋಸ್ನಿಯಾಕ್, ಒಬ್ಬ ಸರ್ಬ್, ಒಬ್ಬ ಕ್ರೊಯಾಟ್. ಉಳಿದವರು ನಿಲ್ಲೋ ಹಾಗಿಲ್ಲ. ರೋಮಾ ಸಮುದಾಯದ ದೆರ್ವೊ ಸೆಯ್ದಿಚ್ ಮತ್ತು ಯೆಹೂದಿ ಯಾಕೊಬ್ ಫಿಂಚಿ ಇದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಗೆದ್ದರು ಕೂಡ. ತೀರ್ಪು ಬಂದು ಎಷ್ಟೋ ವರ್ಷ ಕಳೆದರೂ ಪಟ್ಟಿ ಬದಲಾಗಲಿಲ್ಲ.

"ನೀನು ಯಾವ ಕಡೆ" ಅನ್ನೋದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತೆ: ಆ ಕಡೆಗಳ ಪಟ್ಟಿ ಬರೆದವರು ಯಾರು?

ಹೂಂ ಅಂದರೂ, ಊಹೂಂ ಅಂದರೂ

ಮತ್ತೆ 1995ಕ್ಕೇ ಬರೋಣ. ಅಕ್ಟೋಬರಿನಲ್ಲಿ ಜಪಾನಿನ ಕ್ವೆಸ್ಟ್ ಕಂಪನಿ ಸೂಪರ್ ಫ್ಯಾಮಿಕಾಮಿಗೆ ಟ್ಯಾಕ್ಟಿಕ್ಸ್ ಓಗರ್ ಅನ್ನೋ ಆಟ ತಂದಿತು. ನಿರ್ದೇಶಕ ಯಸುಮಿ ಮತ್ಸುನೊ. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧಗಳು ಈ ಕಥೆಗೆ ಪ್ರೇರಣೆ ಅಂತ ಅವರೇ ಮುಂದೆ ಹೇಳಿದ್ದಾರೆ. ನೋಡೋಕೆ ಪುಟ್ಟ ಪುಟ್ಟ ಬೊಂಬೆಗಳು, ಕತ್ತಿ, ಮಾಂತ್ರಿಕರು, ಡ್ರ್ಯಾಗನ್ನು. ಒಳಗಿರೋದು ಬೇರೆ. ಆಡಬೇಕು ಅಂತಿದ್ದವರು ಈ ಭಾಗ ಹಾರಿಸಿ ಮುಂದಕ್ಕೆ ಹೋಗಿ, ನಾನು ಗುಟ್ಟು ಹೇಳಲೇಬೇಕಾಗಿದೆ.

ವಲೇರಿಯಾ ಅನ್ನೋ ದ್ವೀಪ ಸಮೂಹ. ಮೂರು ಜನಾಂಗಗಳನ್ನು ಒಟ್ಟಿಗೆ ಹಿಡಿದಿದ್ದ ರಾಜ ಸತ್ತ ಮೇಲೆ ಅಂತರ್ಯುದ್ಧ. ನೀವು ಡೆನಮ್, ಸಂಖ್ಯೆಯಲ್ಲಿ ಚಿಕ್ಕದಾದ, ತುಳಿತಕ್ಕೆ ಸಿಕ್ಕ ವಾಲಿಸ್ಟರ್ ಜನಾಂಗದ ಹುಡುಗ. ಜೊತೆಗೆ ಅಕ್ಕ ಕಟಿಯುವಾ, ಬಾಲ್ಯದ ಗೆಳೆಯ ವೈಸ್. ಮೊದಲ ಅಧ್ಯಾಯ ಪೂರ್ತಿ ನಿಮಗೆ ಅನುಮಾನವೇ ಬರೋದಿಲ್ಲ. ನಾವು ತುಳಿತಕ್ಕೊಳಗಾದವರು, ನಾವೇ ಸರಿ.

ಅಧ್ಯಾಯದ ಕೊನೆಗೆ ನಿಮ್ಮನ್ನು ಬಾಲ್ಮಮುಸಾ ಅನ್ನೋ ಊರಿಗೆ ಕಳಿಸ್ತಾರೆ. ಅಲ್ಲಿರೋದು ಶತ್ರುಗಳ ಹಿಡಿತದಲ್ಲಿ ದುಡೀತಿರೋ ನಿಮ್ಮದೇ ಜನ. ದಂಗೆ ಏಳಿ ಅಂದ್ರೆ ಅವರು ಏಳೋದಿಲ್ಲ. ಅವರಿಗೆ ಸಾಕಾಗಿದೆ. ಆಗ ನಿಮ್ಮದೇ ಸೈನ್ಯದ ಮೇಲಧಿಕಾರಿ ಬಂದು ನಾಯಕನ ಆದೇಶ ಹೇಳ್ತಾನೆ: ಊರಿನವರನ್ನೆಲ್ಲ ಕೊಲ್ಲಿ, ಕೊಂದದ್ದು ಶತ್ರುಗಳು ಅಂತ ಸುದ್ದಿ ಹಬ್ಬಿಸೋಣ, ಆಗ ಉಳಿದ ನಮ್ಮ ಜನ ಎಲ್ಲ ಒಂದಾಗಿ ಏಳ್ತಾರೆ.

ಆಟ ನಿಮಗೆ ಎರಡು ಸಾಲು ತೋರಿಸಿ ಕಾಯುತ್ತೆ. ಒಪ್ಪಬೇಕು, ಇಲ್ಲಾ ನಿರಾಕರಿಸಬೇಕು. ಮತ್ಸುನೊ ಮಾಡಿದ್ದು ಏನು ಅಂದ್ರೆ, ನೀವು ಯಾವುದನ್ನು ಆರಿಸಿದರೂ ಆ ಊರು ಉಳಿಯೋದಿಲ್ಲ. ಒಪ್ಪಿದರೆ ನೀವೇ ಕೊಲ್ತೀರಿ, ನಿಮ್ಮ ಗೆಳೆಯ ವೈಸ್ ಅಸಹ್ಯಪಟ್ಟು ನಿಮ್ಮನ್ನು ಬಿಟ್ಟು ಹೋಗ್ತಾನೆ. ನಿರಾಕರಿಸಿದರೆ ಅದೇ ವೈಸ್ ಆ ಆದೇಶವನ್ನು ಕೈಗೆತ್ತಿಕೊಳ್ತಾನೆ, ಕೊಲೆಯ ಆರೋಪ ನಿಮ್ಮ ತಲೆಗೆ ಬರುತ್ತೆ. ಒಪ್ಪಿದ ದಾರಿಗೆ ಆಟ ಇಟ್ಟಿರೋ ಹೆಸರು ಲಾ, ಅಂದ್ರೆ ಕಾನೂನು. ನಿರಾಕರಿಸಿದ ದಾರಿಗೆ ಕೇಯಾಸ್, ಅಂದ್ರೆ ಅರಾಜಕತೆ. ಒಳ್ಳೇದು ಕೆಟ್ಟದು ಅನ್ನೋ ಪದಗಳೇ ಇಲ್ಲ. ಹತ್ಯಾಕಾಂಡ ಕೂತಿರೋದು ಕಾನೂನು ಅನ್ನೋ ಬೋರ್ಡಿನ ಕೆಳಗೆ.

ನಾನು ಮೊದಲ ಸಲ ಆಡಿದಾಗ ಒಪ್ಪಿದೆ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಕಾರಣ ಹೇಳ್ತೀನಿ: ಅಲ್ಲಿವರೆಗೆ ಬಂದ ಆದೇಶಗಳಿಗೆಲ್ಲ ಹೂಂ ಅಂದಿದ್ದೆ, ಕೈ ತಾನಾಗೇ ಬಟನ್ ಒತ್ತಿತು. ಕಡೆಯನ್ನು ಮೆನುವಿನಲ್ಲಿ ಒಂದು ಸಲ ಆರಿಸಿಬಿಟ್ಟರೆ ಆಮೇಲಿನದ್ದೆಲ್ಲ ಅದರ ಜೊತೆ ಉಚಿತವಾಗಿ ಬರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಈ ಆಟ ಕೇಳಿದ್ದು ಆ ಅಭ್ಯಾಸದ ಬಗ್ಗೆ.

ಕವಲು, ಖರ್ಚು, ಅನ್‌ಡು

ಇಂಥ ಕವಲುಗಳು ಆಟಗಳಲ್ಲಿ ಯಾಕೆ ಅಪರೂಪ ಅನ್ನೋದಕ್ಕೆ ಉತ್ತರ ನಮ್ಮ ಕಸುಬಿನಲ್ಲೇ ಇದೆ. ಎರಡೆರಡು ಉತ್ತರ ಇರೋ ಹತ್ತು ಪ್ರಶ್ನೆ ಕೇಳಿ, ಪ್ರತಿ ಉತ್ತರಕ್ಕೂ ಬೇರೆ ಕಥೆ ಬರೀತೀನಿ ಅಂದ್ರೆ ಕೊನೆಗೆ 1024 ಕಥೆ ಆಗುತ್ತೆ. ಯಾವ ಕಂಪನಿಯ ಬಜೆಟ್ಟೂ ಅದನ್ನು ತಡೆಯಲ್ಲ. ಹಾಗಾಗಿ ಹೆಚ್ಚಿನವರು ಬ್ರ್ಯಾಂಚ್ ಮಾಡಿ ಎರಡು ದೃಶ್ಯ ಆದ ಮೇಲೆ ಮತ್ತೆ ಮರ್ಜ್ ಮಾಡ್ತಾರೆ. ಟ್ಯಾಕ್ಟಿಕ್ಸ್ ಓಗರ್ ಕೂಡ ನಾಲ್ಕನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ದಾರಿಗಳನ್ನು ಒಂದುಗೂಡಿಸುತ್ತೆ. ಆದರೆ ಅಲ್ಲಿಯವರೆಗೆ, ಎರಡು ಪೂರ್ತಿ ಅಧ್ಯಾಯಗಳ ಕಾಲ, ಯಾರು ನಿಮ್ಮ ಜೊತೆ ಇದ್ದಾರೆ, ಯಾರು ನಿಮ್ಮನ್ನು ದ್ವೇಷಿಸ್ತಾರೆ ಅನ್ನೋದು ಆ ಒಂದು ಉತ್ತರದ ಮೇಲೆ ನಿಂತಿರುತ್ತೆ.

ತಮಾಷೆ ನೋಡಿ, 2010ರಲ್ಲಿ ಇದೇ ಆಟದ ಹೊಸ ಆವೃತ್ತಿ ಬಂದಾಗ ಅದಕ್ಕೆ ಹಿಂದಕ್ಕೆ ಹೋಗೋ ಸೌಲಭ್ಯ ಸೇರಿಸಿದರು. ಯುದ್ಧದ ನಡುವೆ ತಪ್ಪು ಹೆಜ್ಜೆ ಇಟ್ಟರೆ 50 ನಡೆಗಳವರೆಗೆ ಹಿಂದೆ ಹೋಗಬಹುದು. ಒಂದು ಸಲ ಆಟ ಮುಗಿಸಿದ ಮೇಲೆ ಬಾಲ್ಮಮುಸಾದ ಕವಲಿಗೂ ವಾಪಸ್ ಹೋಗಿ ಇನ್ನೊಂದು ಉತ್ತರ ಕೊಡಬಹುದು. ನಾನು ಹಾಗೇ ಹೋಗಿ ನಿರಾಕರಿಸಿ ಬಂದೆ. ಮನಸ್ಸು ಹಗುರ ಆಗುತ್ತೆ ಅಂದ್ಕೊಂಡಿದ್ದೆ, ಆಗಲಿಲ್ಲ. ಈ ಸಲವೂ ಊರು ಸುಟ್ಟಿತು. ಆಗ ಅರ್ಥ ಆಯಿತು, ಆ ಆಯ್ಕೆ ಊರನ್ನು ಉಳಿಸೋಕೆ ಇದ್ದದ್ದಲ್ಲ. ಉಳಿಸೋ ಶಕ್ತಿ ಇಲ್ಲದಾಗಲೂ ನಾನು ಏನು ಮಾಡ್ತೀನಿ ಅಂತ ಕೇಳೋಕೆ ಇದ್ದದ್ದು.

ಕಡೆಯೇ ಇಲ್ಲದ ಆಟ

ಮೂರನೆಯದು 2014ರದ್ದು. ವಾರ್ಸಾದ 11 ಬಿಟ್ ಸ್ಟುಡಿಯೋಸ್ ತಂದ ದಿಸ್ ವಾರ್ ಆಫ್ ಮೈನ್. ಊರಿನ ಹೆಸರು ಪೊಗೊರೆನ್ ಅಂತ ಕಲ್ಪಿತ, ಆದರೆ ಮಾದರಿ ಸರಾಯೆವೊದ ಮುತ್ತಿಗೆ. ಇದರಲ್ಲಿ ಸೈನ್ಯ ಇದೆ, ನೀವು ಸೈನಿಕರಲ್ಲ. ಅರ್ಧ ಕುಸಿದ ಮನೆಯಲ್ಲಿ ಅಡಗಿರೋ ಕೆಲವು ನಾಗರಿಕರು. ಪಾವ್ಲೆ ಫುಟ್‌ಬಾಲ್ ಆಡ್ತಿದ್ದವನು, ಬ್ರೂನೊ ಅಡುಗೆಯವನು, ಕಾತ್ಯಾ ವರದಿಗಾರ್ತಿ. ಹಗಲು ಸ್ನೈಪರುಗಳ ಭಯ, ಹೊರಗೆ ಹೋಗೋ ಹಾಗಿಲ್ಲ. ಒಲೆ ಮಾಡ್ಕೋಬೇಕು, ಮಳೆನೀರು ಸೋಸಬೇಕು, ಚಳಿಗೆ ಪುಸ್ತಕ ಸುಡಬೇಕು. ರಾತ್ರಿ ಒಬ್ಬರು ಚೀಲ ಹಿಡಿದು ಹೊರಗೆ ಹೋಗಿ ಸಿಕ್ಕಿದ್ದು ತರಬೇಕು. ಯುದ್ಧ ಯಾವತ್ತು ಮುಗಿಯುತ್ತೆ ಅನ್ನೋದು ಆಟಗಾರನಿಗೂ ಗೊತ್ತಿರಲ್ಲ. ಬೇಕಾದಾಗ ಸೇವ್ ಮಾಡ್ಕೊಳ್ಳೋ ಅವಕಾಶವೂ ಇಲ್ಲ.

ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರ್ತಾರೆ. ಅವರ ಹತ್ತಿರ ಊಟ ಇದೆ, ಔಷಧಿ ಇದೆ, ಆಯುಧ ಇಲ್ಲ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ. ತಗೊಂಡು ಬರೋದು ತುಂಬ ಸುಲಭ. ಮುದುಕ ಹಿಂದೆ ಹಿಂದೆ ಬಂದು ಬೇಡ್ಕೊಳ್ತಾನೆ, ತಡೆಯೋಕೆ ಆಗಲ್ಲ. ತಗೊಂಡು ಬಂದರೆ ಅಂಕ ಕಡಿಮೆ ಆಗೋದಿಲ್ಲ, ಪೊಲೀಸರು ಬರೋದಿಲ್ಲ. ಬೆಳಗ್ಗೆ ನಿಮ್ಮ ಮನೆಯವರು ಮಾತು ಕಡಿಮೆ ಮಾಡ್ತಾರೆ, ತಂದವನು ಕುಗ್ಗಿ ಕೂರ್ತಾನೆ.

ಇಲ್ಲಿ ಯಾರೂ ನಿಮ್ಮನ್ನು ಯಾವ ಕಡೆ ಅಂತ ಕೇಳಲಿಲ್ಲ. ಆದರೆ ರಾತ್ರಿ ಆ ಅಡುಗೆಮನೆಯಲ್ಲಿ ನಿಂತಾಗ ನೀವು ಕಡೆ ಆರಿಸಿಯೇ ಇರ್ತೀರಿ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಶಾಲಾ ಮಕ್ಕಳ ಓದಿನ ಪಟ್ಟಿಗೆ, ಐಚ್ಛಿಕವಾಗಿ, ಸೇರಿಸೋದಾಗಿ ಹೇಳಿತು. ಸೈನ್ಯಗಳ ಕಥೆ ಪಠ್ಯಪುಸ್ತಕದಲ್ಲಿ ಮೊದಲೇ ಇರುತ್ತೆ, ಚೀಲ ಹಿಡಿದು ಹೋದವನ ಕಥೆ ಇರೋದಿಲ್ಲ.

ಜೊವೊ ಕಾಕಾ

ಆಟಗಳು ಸಾಕು, ಕೊನೆಗೆ ಒಬ್ಬ ನಿಜವಾದ ಮನುಷ್ಯ. ಯೊವಾನ್ ದಿವ್ಯಾಕ್. ಹುಟ್ಟಿದ್ದು 1937ರಲ್ಲಿ, ಬೆಲ್‌ಗ್ರೇಡಿನಲ್ಲಿ. ಸರ್ಬ್, ಯುಗೊಸ್ಲಾವ್ ಸೈನ್ಯದ ಅಧಿಕಾರಿ. ನೌಕರಿ ಅವರನ್ನು 1960ರ ದಶಕದಲ್ಲಿ ಸರಾಯೆವೊಗೆ ತಂದಿತು, ನಮ್ಮಲ್ಲಿ ಎಷ್ಟೋ ಜನರನ್ನು ಪುಣೆಗೋ ಚೆನ್ನೈಗೋ ತಂದ ಹಾಗೆ. 1992ರಲ್ಲಿ ಪಟ್ಟಿ ಪ್ರಕಾರ ಅವರು ಬೆಟ್ಟದ ಮೇಲೆ, ಫಿರಂಗಿಗಳ ಪಕ್ಕ ಇರಬೇಕಿತ್ತು. ಅವರು ಕಣಿವೆಯಲ್ಲೇ, ತಾವು ಬಾಳಿದ ಊರಿನಲ್ಲೇ ಉಳಿದರು. ಬೋಸ್ನಿಯಾ ಸೈನ್ಯದ ಉಪಮುಖ್ಯಸ್ಥರಾಗಿ ಅದನ್ನು ಕಾದರು.

ಕಥೆ ಇಲ್ಲಿಗೇ ಮುಗಿದಿದ್ರೆ ಇದೂ ಒಂದು ಸಿನಿಮಾ ಆಗ್ತಿತ್ತು. 1992ರ ಮೇ 3ರಂದು ಒಪ್ಪಂದದ ಪ್ರಕಾರ ಊರು ಬಿಟ್ಟು ಹೊರಟಿದ್ದ ಯುಗೊಸ್ಲಾವ್ ಸೈನ್ಯದ ವಾಹನಗಳ ಮೇಲೆ ಇವರ ಕಡೆಯವರೇ ಗುಂಡು ಹಾರಿಸಿದರು. ಗುಂಡು ಹಾರಿಸಬೇಡಿ ಅಂತ ದಿವ್ಯಾಕ್ ಕೂಗಿದ್ದು ವಿಡಿಯೊದಲ್ಲಿ ಉಳಿದಿದೆ. ಮುತ್ತಿಗೆಯ ಒಳಗೆ ತಮ್ಮದೇ ಸೈನ್ಯದ ಕೆಲವರು ಸರ್ಬ್ ನಾಗರಿಕರನ್ನು ಕೊಂದಾಗ ಅಧ್ಯಕ್ಷ ಇಜೆತ್‌ಬೆಗೊವಿಚ್‌ಗೆ ಪತ್ರ ಬರೆದು ವಿರೋಧಿಸಿದರು. ಕಡೆ ಆರಿಸಿದ ಮೇಲೂ ಪ್ರತಿ ಆದೇಶಕ್ಕೆ, ಪ್ರತಿ ಗುಂಡಿಗೆ ಮತ್ತೆ ಮತ್ತೆ ಉತ್ತರ ಕೊಡ್ತಾ ಹೋದರು. ಬಾಲ್ಮಮುಸಾದಲ್ಲಿ ನಾನು ಮಾಡದೇ ಬಿಟ್ಟದ್ದು ಇದನ್ನೇ.

ಬೆಲೆಯೂ ತೆತ್ತರು. ಎಷ್ಟೋ ಸರ್ಬರಿಗೆ ಅವರು ದ್ರೋಹಿ. 2011ರಲ್ಲಿ, ಯಾವ ದಿನ ಗುಂಡು ಹಾರಿಸಬೇಡಿ ಅಂತ ಕೂಗಿದ್ರೋ ಅದೇ ದಿನದ ಘಟನೆಗೆ ಸರ್ಬಿಯಾ ಹೊರಡಿಸಿದ್ದ ವಾರಂಟಿನ ಮೇಲೆ ಅವರನ್ನು ವಿಯೆನ್ನಾದಲ್ಲಿ ಬಂಧಿಸಿದರು. ಸರ್ಬಿಯಾಕ್ಕೆ ಒಪ್ಪಿಸೋಕೆ ಆಸ್ಟ್ರಿಯಾದ ನ್ಯಾಯಾಲಯ ನಿರಾಕರಿಸಿ ಬಿಟ್ಟು ಕಳಿಸಿತು. ಯುದ್ಧದ ನಡುವೆಯೇ, 1994ರಲ್ಲಿ, ಮಕ್ಕಳ ಓದಿಗೆ ನೆರವಾಗೋ ಸಂಸ್ಥೆ ಕಟ್ಟಿದ್ದರು. ಊರಿನವರು ಅವರನ್ನು ಚಿಕಾ ಜೊವೊ ಅಂತಿದ್ದರು. ನಮ್ಮ ಕಡೆ ಅನ್ನೋದಾದ್ರೆ ಜೊವೊ ಕಾಕಾ. 2021ರಲ್ಲಿ ತೀರಿಕೊಂಡರು, ಸರಾಯೆವೊದಲ್ಲೇ.

ಪ್ಯಾಂಟ್ರಿಗೆ ವಾಪಸ್

ನಮ್ಮ ಗಡಿ ಜಗಳ ಯುದ್ಧ ಅಲ್ಲ, ಪುಣೆ ಸರಾಯೆವೊ ಅಲ್ಲ. ಹೋಲಿಸಿದರೆ ಅಲ್ಲಿ ಸತ್ತವರಿಗೆ ಅವಮಾನ. ಆದರೆ ಪ್ರಶ್ನೆಯ ಆಕಾರ ನನಗೆ ಗುರುತು ಸಿಗುತ್ತೆ. ಎರಡೇ ಚಿಹ್ನೆ ಇರೋ ಮೆನು ತೋರಿಸಿ ಒಂದನ್ನು ಒತ್ತು ಅಂತಾರೆ. ಆಮೇಲಿನ ಆದೇಶಗಳಿಗೆಲ್ಲ ನೀನು ಹೂಂ ಅಂದ ಹಾಗೇ ಲೆಕ್ಕ.

ಅವತ್ತು ಚಹಾದ ಕಡೆ ಅಂತ ಜಾರಿಕೊಂಡದ್ದು ಈಗ ನನಗೆ ಅಷ್ಟು ಸರಿ ಅನ್ನಿಸ್ತಿಲ್ಲ. ಅದೂ ಸೇವ್ ಮಾಡಿ ಎಕ್ಸಿಟ್ ಆದ ಹಾಗೆ. ಇನ್ನೊಂದು ಸಲ ಕೇಳಿದ್ರೆ ಹೇಳ್ತೀನಿ: ನಾನು ಕನ್ನಡದವನು, ನನ್ನ ಅಜ್ಜಿ ನನಗೆ ಮರಾಠಿಯಲ್ಲೇ ತುತ್ತು ಕೊಟ್ಟಿದ್ದು, ಬಸ್ಸಿಗೆ ಕಲ್ಲು ಯಾರು ಹೊಡೆದರೂ ನಾನು ಬಸ್ಸಿನ ಒಳಗೆ ಕೂತವರ ಕಡೆ. ನಾಲ್ಕು ಜನ ತಿರುಗಿ ನೋಡ್ತಾರೆ. ನೋಡಲಿ.

ನಿಮ್ಮೂರಲ್ಲಿ ನಿಮ್ಮನ್ನು ಹೀಗೆ ಕೇಳಿದಾಗ ನೀವೇನು ಹೇಳಿದ್ರಿ, ಯೋಚಿಸಿ ನೋಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.